ಒಂದೇ ದಿನದಲ್ಲಿ ಮಂಗಳೂರು: ಕದ್ರಿ ಗುಡ್ಡದಿಂದ ತಣ್ಣೀರುಬಾವಿಯವರೆಗೆ

ಮಂಗಳೂರಿಗೆ ಒಂದು ದಿನದ ಮಟ್ಟಿಗೆ ಬಂದವರು ದಿನ ಹಾಳುಮಾಡಿಕೊಳ್ಳುವುದು ಹೆಚ್ಚಾಗಿ ಒಂದೇ ರೀತಿಯಲ್ಲಿ. ಬೆಳಿಗ್ಗೆ ಬಸ್ಸಿಳಿದವರೇ ಪಣಂಬೂರು ಕಡಲತೀರಕ್ಕೆ ಓಡುತ್ತಾರೆ. ಹತ್ತು ಗಂಟೆಯ ಬಿಸಿಲಲ್ಲಿ ಮರಳ ಮೇಲೆ ನಿಂತು ಬೆವರಿ, ಅಲ್ಲಿಂದ ಪಿಲಿಕುಳ ನಿಸರ್ಗಧಾಮಕ್ಕೆ ಹೋಗಿ, ಪೇಟೆಗೆ ಬರುವಷ್ಟರಲ್ಲಿ ದೇವಸ್ಥಾನಗಳ ಬಾಗಿಲು ಹಾಕಿರುತ್ತದೆ, ಮೀನೂಟ ಖಾಲಿಯಾಗಿರುತ್ತದೆ. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಇವರು ಹಂಪನಕಟ್ಟೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುತ್ತಾರೆ.

ಊರಿನ ನೆಲವನ್ನು ಒಮ್ಮೆ ಅರ್ಥಮಾಡಿಕೊಂಡರೆ ಈ ತಪ್ಪು ಆಗುವುದಿಲ್ಲ. ಪೂರ್ವಕ್ಕೆ ಕದ್ರಿ, ಬಲ್ಮಠ, ಬಾವುಟಗುಡ್ಡೆಯ ಎತ್ತರಗಳು. ಅಲ್ಲಿಂದ ರಸ್ತೆಗಳೆಲ್ಲ ಪಶ್ಚಿಮಕ್ಕೆ, ಹಂಪನಕಟ್ಟೆ ದಾಟಿ ಹಳೆ ಬಂದರಿಗೆ ಇಳಿಯುತ್ತವೆ. ಬಂದರಿನ ಪಕ್ಕ ಗುರುಪುರ ನದಿ, ಅಂದರೆ ಫಲ್ಗುಣಿ. ಅದರಾಚೆ ಮರಳಿನ ಒಂದು ಪಟ್ಟಿ, ಅದೇ ತಣ್ಣೀರುಬಾವಿ, ಆಮೇಲೆ ಕಡಲು. ಬೆಳಿಗ್ಗೆ ಗುಡ್ಡದ ಮೇಲೆ ಶುರುಮಾಡಿ ಇಳಿಜಾರಿನಲ್ಲೇ ಇಳಿಯುತ್ತ ಬಂದರೆ ಸಂಜೆ ತಾನಾಗಿ ನೀರಿನ ಬಳಿ ಇರುತ್ತೀರಿ. ಬಿಸಿಲಲ್ಲಿ ಗುಡ್ಡ ಹತ್ತುವ ಕಷ್ಟವೂ ತಪ್ಪುತ್ತದೆ. ಈ ಮಾರ್ಗದರ್ಶಿ ಪೂರ್ತಿ ಹಿಡಿದಿರುವುದು ಅದೇ ದಾರಿಯನ್ನು.

ಯಾವ ದಿನ, ಯಾವ ತಿಂಗಳು

ವಾರದಲ್ಲಿ ಮಂಗಳವಾರ, ಬುಧವಾರ, ಗುರುವಾರ, ಶನಿವಾರ ಅನುಕೂಲ. ಸೋಮವಾರ ಬಿಜೈಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ರಜೆ. ಶುಕ್ರವಾರ ಮಧ್ಯಾಹ್ನ ಜುಮಾ ನಮಾಜಿನ ಹೊತ್ತಿಗೆ ಬಂದರಿನ ಮಸೀದಿ ನೋಡಲಾಗುವುದಿಲ್ಲ, ಸುತ್ತಲಿನ ಗಲ್ಲಿಗಳಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಭಾನುವಾರ ಬೆಳಿಗ್ಗೆ ಇಗರ್ಜಿಗಳಲ್ಲಿ (ಚರ್ಚುಗಳಲ್ಲಿ) ಪೂಜೆಯ ಮೇಲೆ ಪೂಜೆ ನಡೆಯುತ್ತಿರುತ್ತದೆ, ಪ್ರವಾಸಿಗರು ನುಗ್ಗುವ ಹೊತ್ತಲ್ಲ ಅದು. ಬಂದರಿನ ಸಗಟು ಅಂಗಡಿಗಳೂ ಅಂದು ಬಹುಪಾಲು ಮುಚ್ಚಿರುತ್ತವೆ. ಜನವಿಲ್ಲದ ಬಂದರು ನೋಡಿ ಪ್ರಯೋಜನವಿಲ್ಲ.

ತಿಂಗಳುಗಳಲ್ಲಿ ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಮಾರ್ಚ್ ಕಳೆದರೆ ಸೆಕೆ. ಬೆಂಗಳೂರು, ಮೈಸೂರಿನವರಿಗೆ ಇಲ್ಲಿನ ಉಷ್ಣತೆಯ ಅಂಕಿ ನೋಡಿದರೆ ಅಂಥದ್ದೇನೂ ಅನ್ನಿಸುವುದಿಲ್ಲ, ಆದರೆ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಒಣಗುವುದೇ ಇಲ್ಲ, ಸುಸ್ತು ಬೇಗ. ಜೂನ್‌ನಿಂದ ಸೆಪ್ಟೆಂಬರ್ ಮಳೆ. ಆಗ ಬರಬಾರದು ಅಂತಲ್ಲ, ಯೋಜನೆ ಬೇರೆ ಮಾಡಬೇಕು. ಅದು ಮುಂದೆ ಇದೆ. ಜೋರು ಮಳೆಗಾಲದಲ್ಲಿ ಬೆಂಗಳೂರು ದಾರಿಯ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗುವುದುಂಟು. ಹೊರಡುವ ಹಿಂದಿನ ದಿನ ಸುದ್ದಿ ನೋಡಿಕೊಳ್ಳಿ.

ಎರಡು ಸಂದರ್ಭಗಳಲ್ಲಿ ಊರು ನೋಡುವ ಆಸೆ ಬಿಟ್ಟು ಹಬ್ಬವನ್ನೇ ನೋಡಬೇಕು. ಒಂದು, ನವರಾತ್ರಿ: ಕುದ್ರೋಳಿ ಮತ್ತು ಮಂಗಳಾದೇವಿಯಲ್ಲಿ ಜನವೋ ಜನ. ಇನ್ನೊಂದು, ರಥಸಪ್ತಮಿಯ ಕೊಡಿಯಾಲ್ ತೇರು: ಅಂದು ರಥಬೀದಿಯ ಸುತ್ತಮುತ್ತ ರಿಕ್ಷಾ ಬಿಡಿ, ನಡೆಯುವುದೂ ನಿಧಾನ.

ಇಳಿಯುವುದು, ಲಗೇಜು, ಓಡಾಟ

ರೈಲಿನಲ್ಲಿ ಬರುವವರು ಟಿಕೆಟ್ಟಿನ ಮೇಲೆ ಸ್ಟೇಷನ್ನಿನ ಹೆಸರನ್ನು ಸರಿಯಾಗಿ ಓದಿಕೊಳ್ಳಿ. ಮಂಗಳೂರು ಸೆಂಟ್ರಲ್ ಪೇಟೆಯ ಮಧ್ಯದಲ್ಲಿದೆ, ಹಂಪನಕಟ್ಟೆಗೆ ನಡೆದುಕೊಂಡೇ ಹೋಗಬಹುದು. ಮಂಗಳೂರು ಜಂಕ್ಷನ್ ಇರುವುದು ಕಂಕನಾಡಿಯಾಚೆ ಪಡೀಲಿನ ಕಡೆ, ಪೇಟೆಯಿಂದ ಸುಮಾರು 5 ಕಿಲೋಮೀಟರ್. ಕೊಂಕಣ ರೈಲು ಮಾರ್ಗದಲ್ಲಿ ಹಾದುಹೋಗುವ ಹಲವು ರೈಲುಗಳು ಜಂಕ್ಷನ್ನಿನಲ್ಲಿ ಮಾತ್ರ ನಿಲ್ಲುತ್ತವೆ. ಸಂಜೆ ವಾಪಸ್ಸು ಹೋಗುವಾಗ ಈ ಎರಡನ್ನು ಅದಲುಬದಲು ಮಾಡಿಕೊಂಡು ರೈಲು ತಪ್ಪಿಸಿಕೊಳ್ಳುವವರು ಕಡಿಮೆಯೇನಲ್ಲ. ಕೆಎಸ್ಸಾರ್ಟಿಸಿ ಬಸ್ಸುಗಳು ನಿಲ್ಲುವುದು ಬಿಜೈಯಲ್ಲಿ. ಉಡುಪಿ, ಮೂಡುಬಿದಿರೆ, ಬಂಟ್ವಾಳ ಕಡೆಯ ಖಾಸಗಿ ಸರ್ವಿಸ್ ಬಸ್ಸುಗಳಿಗೆ ಸ್ಟೇಟ್ ಬ್ಯಾಂಕ್ ನಿಲ್ದಾಣ.

ದೊಡ್ಡ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಈ ದಿನ ಸಾಗುವುದಿಲ್ಲ. ರೈಲ್ವೆ ಕ್ಲೋಕ್ ರೂಮಿನಲ್ಲಿ ಇಡುವುದಾದರೆ ಬ್ಯಾಗಿಗೆ ಬೀಗ ಇರಬೇಕು, ಪ್ರಯಾಣದ ಟಿಕೆಟ್ಟೂ ಕೈಯಲ್ಲಿರಬೇಕು. ಜಿಪ್ಪಿಗೆ ಹಾಕುವ ಚಿಕ್ಕ ಬೀಗವೊಂದನ್ನು ಮನೆಯಿಂದಲೇ ತನ್ನಿ. ರಾತ್ರಿ ಪ್ರಯಾಣ ಮಾಡಿ ಬಂದವರು ಸೆಂಟ್ರಲ್ ಸ್ಟೇಷನ್, ಹಂಪನಕಟ್ಟೆ ಸುತ್ತಲಿನ ಲಾಡ್ಜಿನಲ್ಲಿ ಒಂದು ಕೋಣೆ ಮಾಡಿಕೊಳ್ಳುವುದು ಲೇಸು. ಬೆಳಿಗ್ಗೆ ಸ್ನಾನಕ್ಕೂ ಆಯಿತು, ಮಧ್ಯಾಹ್ನ ಒಂದು ಗಂಟೆ ಬೆನ್ನು ಚಾಚಲೂ ಆಯಿತು.

ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿ, ಓಟ ಜೋರು. ಬೋರ್ಡು ಓದುತ್ತ ನಿಂತರೆ ಬಸ್ಸು ಹೋಗಿಯಾಗಿರುತ್ತದೆ. ಬಾಗಿಲಲ್ಲಿ ನಿಂತ ಕಂಡಕ್ಟರನ ಕೂಗು ಕೇಳಿ, ಅಥವಾ ಹೋಗಬೇಕಾದ ಜಾಗದ ಹೆಸರು ಕೂಗಿ ಹೇಳಿ. ‘ಓಡೆಗ್?’ ಎಂದು ತುಳುವಿನಲ್ಲಿ ಕೇಳಿದರೆ ಎಲ್ಲಿಗೆ ಎಂದು ಕೇಳುತ್ತಿದ್ದಾನೆ ಅಷ್ಟೆ. ಕನ್ನಡದಲ್ಲಿ ಉತ್ತರಿಸಿದರೆ ಮರುಕ್ಷಣ ಅವನೂ ಕನ್ನಡಕ್ಕೆ ಬರುತ್ತಾನೆ. ಹತ್ತು, ಇಪ್ಪತ್ತರ ನೋಟು, ಚಿಲ್ಲರೆ ಇಟ್ಟುಕೊಳ್ಳಿ. ರಿಕ್ಷಾದವರು ಇಲ್ಲಿ ಸಾಮಾನ್ಯವಾಗಿ ಮೀಟರ್ ಹಾಕುತ್ತಾರೆ. ಹಾಕದಿದ್ದರೆ ‘ಮೀಟರ್ ಹಾಕಿ ಮಾರಾಯ್ರೆ’ ಅಂದರೆ ಸಾಕು. ಇಡೀ ದಿನಕ್ಕೆ ರಿಕ್ಷಾ ಗೊತ್ತುಮಾಡುವುದು ದಂಡ. ಅರ್ಧ ದಿನ ನೀವು ನಡೆಯುತ್ತಿರುತ್ತೀರಿ, ಅದು ಕಾಯುತ್ತಿರುತ್ತದೆ. ಸ್ವಂತ ಕಾರಿನವರು ಅದನ್ನು ಲಾಡ್ಜಿನಲ್ಲೇ ಬಿಡಲಿ. ಹಂಪನಕಟ್ಟೆ ಸುತ್ತ ಏಕಮುಖ ರಸ್ತೆಗಳು, ಬಂದರಿನಲ್ಲಿ ಲಾರಿಗಳು. ಎರಡು ನಿಮಿಷದ ದಾರಿಗೆ ಇಪ್ಪತ್ತು ನಿಮಿಷ ಹೋಗುತ್ತದೆ.

ಚಪ್ಪಲಿ ಮಾತ್ರ ಯೋಚಿಸಿ ಹಾಕಿ. ದೇವಸ್ಥಾನ, ಮಸೀದಿ ಅಂತ ದಿನಕ್ಕೆ ನಾಲ್ಕೈದು ಸಲ ಬಿಚ್ಚಬೇಕು, ಲೇಸ್ ಕಟ್ಟುವ ಶೂ ಬೇಡ. ಹೆಗಲು, ಮೊಣಕಾಲು ಮುಚ್ಚುವ ಹತ್ತಿ ಬಟ್ಟೆ ಇರಲಿ. ಕೆಲವು ದೇವಸ್ಥಾನಗಳ ಒಳಗೆ ಗಂಡಸರು ಅಂಗಿ, ಬನಿಯನ್ ತೆಗೆಯಬೇಕಾಗುತ್ತದೆ, ಆದ್ದರಿಂದ ಒಂದು ಶಲ್ಯ ಅಥವಾ ತೆಳು ಟವೆಲ್ ಚೀಲದಲ್ಲಿರಲಿ. ಹೆಂಗಸರಿಗೆ ದುಪಟ್ಟಾ ಎಲ್ಲ ಕಡೆಯೂ ಉಪಯೋಗಕ್ಕೆ ಬರುತ್ತದೆ. ಒಂದು ಲೀಟರ್ ನೀರು, ಕೊಡೆ. ಕೊಡೆ ಮಳೆಗಷ್ಟೇ ಅಲ್ಲ, ಬಂದರಿನ ಬಿಸಿಲಿಗೂ ಬೇಕು.

ಬೆಳಿಗ್ಗೆ 6:30 – ಕದ್ರಿ

ಮೊದಲ ಜಾಗ ಕದ್ರಿ ಮಂಜುನಾಥ ದೇವಸ್ಥಾನ. ಊರಿನ ದೇವಸ್ಥಾನಗಳೆಲ್ಲ ಮಧ್ಯಾಹ್ನ ಪೂಜೆ ಮುಗಿದು ಒಂದು ಗಂಟೆ ಹೊತ್ತಿಗೆ ಬಾಗಿಲು ಹಾಕಿದರೆ ಮತ್ತೆ ತೆರೆಯುವುದು ಸಂಜೆ ನಾಲ್ಕು ದಾಟಿದ ಮೇಲೆ. ಆದ್ದರಿಂದ ಒಳಗೆ ಹೋಗಿ ನಿಧಾನವಾಗಿ ನೋಡಬೇಕಾದದ್ದನ್ನು ಮೊದಲೇ ಮುಗಿಸಬೇಕು.

ಇಲ್ಲಿ ಬಹುತೇಕರು ದರ್ಶನ ಮಾಡಿ, ಪ್ರಸಾದ ತೆಗೆದುಕೊಂಡು ಹೊರಡುತ್ತಾರೆ. ಈ ಊರಿನ ಅತ್ಯಮೂಲ್ಯ ವಸ್ತುವನ್ನು ನೋಡದೆಯೇ. ಅದು ಲೋಕೇಶ್ವರನ ಕಂಚಿನ ಮೂರ್ತಿ. ಸುಮಾರು ಐದು ಅಡಿ ಎತ್ತರ, ಪದ್ಮಾಸನ, ಮೂರು ಮುಖ, ಆರು ಕೈ. ಪೀಠದ ಮೇಲೆ ಸಂಸ್ಕೃತ ಶಾಸನವಿದೆ: ಆಳುಪ ರಾಜ ಕುಂದವರ್ಮ ಕದರಿಕಾ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠೆ ಮಾಡಿದ ಎಂದು. ಕಾಲ ಕಲಿವರ್ಷ 4068, ಅಂದರೆ ಕ್ರಿ.ಶ. 968. ವಿಹಾರ ಎಂದರೆ ಬೌದ್ಧರದು. ಬೌದ್ಧರ ಜಾಗ ನಾಥಪಂಥದವರ ಕೈಗೆ ಬಂದು, ಮುಂದೆ ಮಂಜುನಾಥನ ಕ್ಷೇತ್ರವಾಗಿ ಬೆಳೆಯಿತು. ಹಳೆಯ ಮೂರ್ತಿಯನ್ನು ಯಾರೂ ಹೊರಗೆ ಹಾಕಲಿಲ್ಲ. ಸಾವಿರ ವರ್ಷದಿಂದ ಇವತ್ತಿಗೂ ಅದಕ್ಕೆ ದೀಪ, ಹೂವು ಸಲ್ಲುತ್ತಿದೆ. ಗರ್ಭಗುಡಿಯ ಎದುರಿನ ಸಾಲಿನಲ್ಲಿ ನಿಂತವರಿಗೆ ಅದು ಕಣ್ಣಿಗೆ ಬೀಳುವುದಿಲ್ಲ. ಪ್ರದಕ್ಷಿಣೆ ಬರುವಾಗ ನಿಧಾನ ಮಾಡಿ, ಗೊತ್ತಾಗದಿದ್ದರೆ ‘ಲೋಕೇಶ್ವರ ಎಲ್ಲಿ?’ ಎಂದು ಕೇಳಿ. ಅಲಂಕಾರ ಕಡಿಮೆ ಇರುವ ಮುಂಜಾನೆಯ ಹೊತ್ತಿನಲ್ಲಿ ಕಿರೀಟದ ಕೆತ್ತನೆ, ಆಭರಣಗಳ ಎಳೆ ಚೆನ್ನಾಗಿ ಕಾಣುತ್ತದೆ. ಹೂವಿನ ಹಾರ ಏರಿದ ಮೇಲೆ ಮುಖವಷ್ಟೇ. ಒಳಗೆ ಫೋಟೋ ಬೇಡ.

ದೇವಸ್ಥಾನದ ಹಿಂಭಾಗದಲ್ಲಿ ಗೋಮುಖ, ಅದರ ನೀರು ಇಳಿಯುವ ಕೆರೆಗಳು. ಅಲ್ಲಿಂದ ಮೆಟ್ಟಿಲು ಹತ್ತಿದರೆ ಜೋಗಿ ಮಠ, ಮುರಕಲ್ಲಿನಲ್ಲಿ ಕೊರೆದ ಗುಹೆಗಳು. ಪಾಂಡವರ ಗುಹೆ ಎಂದು ಜನ ಕರೆಯುತ್ತಾರೆ. ಮಂಗಳೂರಿನ ಗೋಡೆಗಳೆಲ್ಲ ಇದೇ ಕೆಂಪು ಮುರಕಲ್ಲು. ನೆಲದಲ್ಲಿದ್ದಾಗ ಮೆದು, ಕಡಿದು ಗಾಳಿಗೆ ಇಟ್ಟರೆ ಗಟ್ಟಿಯಾಗುತ್ತದೆ. ಆದ್ದರಿಂದಲೇ ಇಲ್ಲಿ ಕಲ್ಲನ್ನು ಇಟ್ಟಿಗೆಯಂತೆ ಕತ್ತರಿಸಿ ಮನೆ ಕಟ್ಟುತ್ತಾರೆ. ಮಳೆಗಾಲದಲ್ಲಿ ಈ ಮೆಟ್ಟಿಲುಗಳ ಮೇಲೆ ಪಾಚಿ ಕಟ್ಟಿ ಸಿಕ್ಕಾಪಟ್ಟೆ ಜಾರುತ್ತದೆ, ಮಂಡಿ ನೋವಿರುವವರು ಕೆಳಗೇ ಇರಲಿ. ಎಲ್ಲ ಸೇರಿ ಒಂದೂವರೆ ಗಂಟೆ ಇಟ್ಟುಕೊಳ್ಳಿ.

8:15 – ಬನ್ಸ್

ತಿಂಡಿಗೆ ಕದ್ರಿ, ಬಲ್ಮಠ, ಹಂಪನಕಟ್ಟೆ ಎಲ್ಲಿಯಾದರೂ ಜನ ತುಂಬಿದ ಸಸ್ಯಾಹಾರಿ ಹೋಟೆಲ್ ಹುಡುಕಿ. ಜನ ತುಂಬಿರಬೇಕು ಅನ್ನುವುದಕ್ಕೆ ಕಾರಣ ಬನ್ಸ್. ಕಳಿತ ಬಾಳೆಹಣ್ಣು, ಮೈದಾ, ಮೊಸರು, ಸ್ವಲ್ಪ ಸಕ್ಕರೆ, ಜೀರಿಗೆ ಕಲಸಿ ರಾತ್ರಿಯಿಡೀ ಇಟ್ಟ ಹಿಟ್ಟನ್ನು ಪೂರಿಗಿಂತ ದಪ್ಪಗೆ ಲಟ್ಟಿಸಿ ಕರಿಯುತ್ತಾರೆ. ಬಾಣಲೆಯಿಂದ ಬಂದಾಗ ಉಬ್ಬಿರಬೇಕು, ಹೊರಗೆ ಕಂದು ಬಣ್ಣ, ಮುರಿದರೆ ಒಳಗೆ ಜಾಲರಿಯಂತೆ ಮೆತ್ತಗೆ, ಬಾಳೆಹಣ್ಣಿನ ಪರಿಮಳ. ಅರ್ಧ ಗಂಟೆ ಕಳೆದರೆ ಅದೇ ಬನ್ಸ್ ಎಣ್ಣೆ ಬಿಟ್ಟುಕೊಂಡು ತೊಗಲಿನಂತಾಗುತ್ತದೆ. ಗಿರಾಕಿಗಳು ಹೆಚ್ಚಿರುವಲ್ಲಿ ಮಾತ್ರ ಬಿಸಿಯದು ಸಿಗುತ್ತದೆ. ‘ಬಿಸಿ ಉಂಟಾ?’ ಎಂದು ಕೇಳಿ, ಇಲ್ಲ ಅಂದರೆ ನೀರುದೋಸೆಗೆ ಹೋಗಿ. ಗೋಳಿಬಜೆಯನ್ನು (ಮೈದಾ, ಮೊಸರಿನ ಬೋಂಡ) ಸಂಜೆಗೆ ಉಳಿಸಿ.

9:15 – ಬಲ್ಮಠ, ಬಾವುಟಗುಡ್ಡೆ

ಬಲ್ಮಠ ದಾರಿಯಲ್ಲೇ ಸಿಗುತ್ತದೆ. ಇಲ್ಲಿ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಆವರಣ ಮತ್ತು ಶಾಂತಿ ಕೆಥೆಡ್ರಲ್ ಇವೆ. ಇದು ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನ ನೆಲೆ. ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡ ಓದುವವರ ಮೇಲೆ ಈ ಜಾಗದ ಋಣವಿದೆ. ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಈ ಊರಿನಲ್ಲಿ, ಕಿಟ್ಟೆಲ್ಲರ ನಿಘಂಟು 1894ರಲ್ಲಿ ಅಚ್ಚಾದದ್ದು ಇದೇ ಮಿಷನ್ನಿನ ಮುದ್ರಣಾಲಯದಲ್ಲಿ. ಹೊರಗಿನಿಂದ ಹತ್ತು ನಿಮಿಷ ನೋಡಿದರೆ ಸಾಕು. ಸಂಗ್ರಹಾಗಾರ ಸಂಶೋಧಕರಿಗೆ, ಮೊದಲೇ ಕೇಳಿಕೊಂಡು ಬರಬೇಕಾದದ್ದು.

ನಡೆಯುತ್ತ ತಲೆ ಎತ್ತಿ ಮಾಡುಗಳನ್ನು ಗಮನಿಸಿ. ಮಂಗಳೂರು ಹೆಂಚು ಇಲ್ಲಿಯದೇ. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ನದಿಯ ಜೇಡಿಮಣ್ಣು, ದೋಣಿಯಲ್ಲಿ ಬರುವ ಸೌದೆ, ಮಾಲು ಸಾಗಿಸಲು ಬಂದರು, ಮೂರೂ ಕೈಯಳತೆಯಲ್ಲಿದ್ದವು. ಹಳೆ ಮನೆ ಕೆಡವಿ ಹೆಂಚು ರಾಶಿ ಹಾಕಿದ್ದು ಎಲ್ಲಾದರೂ ಕಂಡರೆ, ಕೇಳಿ ಒಂದನ್ನು ತಿರುಗಿಸಿ ನೋಡಿ. ಕಾರ್ಖಾನೆಯ ಹೆಸರು, ಊರು ಉಬ್ಬಚ್ಚಿನಲ್ಲಿರುತ್ತದೆ. ಕೆಲವದರಲ್ಲಿ 1865 ಎಂಬ ಇಸವಿಯೂ. ಆ ಇಸವಿ ಕಾರ್ಖಾನೆ ಶುರುವಾದ ವರ್ಷ, ಆ ಹೆಂಚು ಸುಟ್ಟ ವರ್ಷವಲ್ಲ. ಹಳೆ ಸಾಮಾನಿನ ಅಂಗಡಿಯಲ್ಲಿ ‘1865ರ ಹೆಂಚು’ ಎಂದು ಮಾರುವವರ ಮಾತಿಗೆ ಮರುಳಾಗಬೇಡಿ.

ಮುಂದೆ ಬಾವುಟಗುಡ್ಡೆ. 1837ರ ಏಪ್ರಿಲ್ 5ರಂದು ಸುಳ್ಯ, ಕೊಡಗಿನ ಕಡೆಯಿಂದ ಬಂದ ರೈತ ದಂಡು ಈಸ್ಟ್ ಇಂಡಿಯಾ ಕಂಪನಿಯ ಬಾವುಟ ಇಳಿಸಿ ತಮ್ಮದನ್ನು ಏರಿಸಿದ್ದು ಇಲ್ಲಿ. 13 ದಿನ ಮಂಗಳೂರು ಅವರ ಕೈಯಲ್ಲಿತ್ತು. ಹೋರಾಟದ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆ ಟಾಗೋರ್ ಪಾರ್ಕಿನ ಬಳಿ ನಿಂತಿದೆ. ಹಳೆಯ ದೀಪಸ್ತಂಭವೂ ಅಲ್ಲೇ. ಹಿಂದೆ ಇಲ್ಲಿಂದ ಸಮುದ್ರ ನಿಚ್ಚಳ ಕಾಣುತ್ತಿತ್ತು. ಈಗ ಬಹುಮಹಡಿ ಕಟ್ಟಡಗಳ ಸಂದಿಯಲ್ಲಿ ಹುಡುಕಬೇಕು.

9:45 – ಅಲೋಶಿಯಸ್ ಚಾಪೆಲ್

ಇಡೀ ದಿನದಲ್ಲಿ ಹೆಚ್ಚು ಸಮಯ ಕೊಡಬೇಕಾದ ಜಾಗ ಇದು. ಸಂತ ಅಲೋಶಿಯಸ್ ಕಾಲೇಜು 1880ರಲ್ಲಿ ಶುರುವಾಯಿತು, ಚಾಪೆಲ್ 1884ರದು. ಹೊರಗಿನಿಂದ ನೋಡಿದರೆ ಒಂದು ಸಾಧಾರಣ ಕಟ್ಟಡ. ಒಳಗೆ ಗೋಡೆ, ಕಮಾನು, ಛಾವಣಿ ಎಲ್ಲವೂ ಚಿತ್ರ. ಇಟಲಿಯಿಂದ ಬಂದ ಜೆಸ್ವಿತ್ ಬ್ರದರ್ ಆಂತೋನಿಯೊ ಮೊಸ್ಕೇನಿ 1899ರಿಂದ 1901ರ ನಡುವೆ ಬಿಡಿಸಿದ್ದು.

ನೋಡುವ ಕ್ರಮ ಹೀಗಿರಲಿ. ಒಳಗೆ ಹೋದ ಕೂಡಲೇ ಮುಂದೆ ನಡೆಯಬೇಡಿ. ಬಾಗಿಲ ಬಳಿ ನಿಂತು ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಕೊಡಿ; ಹೊರಗಿನ ಬಿಸಿಲಿನಿಂದ ಬಂದವರಿಗೆ ಮೊದಲು ಕಂದು ಬಣ್ಣ ಬಿಟ್ಟರೆ ಏನೂ ಕಾಣುವುದಿಲ್ಲ. ಆಮೇಲೆ ಹಿಂದಿನ ಬೆಂಚಿನಲ್ಲಿ ಕುಳಿತು ಛಾವಣಿ ನೋಡಿ. ಮಧ್ಯದ ಸಾಲಿನಲ್ಲಿ ಸಂತ ಅಲೋಶಿಯಸ್ ಗೊನ್ಜಾಗನ ಬದುಕಿನ ಘಟನೆಗಳು. ಸುತ್ತಲಿನ ಉಬ್ಬುಶಿಲ್ಪ, ಹೂಬಳ್ಳಿ, ಕಟ್ಟುಗಳು ಕಲ್ಲಿನಲ್ಲಿ ಕೆತ್ತಿದ್ದು ಎಂದುಕೊಳ್ಳುತ್ತೀರಿ, ಆದರೆ ಅದರಲ್ಲಿ ಬಹಳಷ್ಟು ಸಪಾಟು ಮೇಲ್ಮೈ ಮೇಲೆ ನೆರಳು–ಬೆಳಕು ಹಚ್ಚಿ ಮಾಡಿದ ಕಣ್ಕಟ್ಟು. ಇದನ್ನು ಹಿಡಿಯುವ ಉಪಾಯವಿದೆ: ಕಿಟಕಿಯ ನಿಜವಾದ ಬೆಳಕು ಯಾವ ಕಡೆಯಿಂದ ಬೀಳುತ್ತಿದೆ ನೋಡಿ, ಚಿತ್ರದ ನೆರಳು ಯಾವ ಕಡೆ ಬಿದ್ದಿದೆ ನೋಡಿ. ಎರಡೂ ಹೊಂದದಿದ್ದಲ್ಲಿ ಅದು ಬಣ್ಣ, ಕೆತ್ತನೆಯಲ್ಲ. ಜಾಗ ಬದಲಿಸಿ ಮುಂದೆ ಬಂದರೆ ನಿಜವಾದ ಉಬ್ಬು ತನ್ನ ಆಕಾರ ಬದಲಿಸುತ್ತದೆ, ಬರೆದದ್ದು ಬದಲಿಸುವುದಿಲ್ಲ.

ಚಿತ್ರಗಳು ಎರಡು ಬಗೆಯವು. ಗೋಡೆಯವು ಫ್ರೆಸ್ಕೊ: ಹಸಿ ಗಾರೆಯ ಮೇಲೆ ನೀರಿನಲ್ಲಿ ಕಲಸಿದ ಬಣ್ಣ. ಸುಣ್ಣ ಆರುತ್ತ ಆರುತ್ತ ಬಣ್ಣವನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ, ಆದ್ದರಿಂದ ಒಂದು ದಿನಕ್ಕೆ ಎಷ್ಟು ಬರೆಯಲು ಸಾಧ್ಯವೋ ಅಷ್ಟೇ ಗಾರೆ ಹಚ್ಚಬೇಕು. ತಪ್ಪಿದರೆ ಗಾರೆ ಕಿತ್ತು ಮತ್ತೆ ಶುರು. ಇನ್ನೊಂದು ಬಗೆ, ಕ್ಯಾನ್ವಾಸಿನ ಮೇಲೆ ತೈಲವರ್ಣ. ಈ ಊರಿನ ಮಳೆ, ಉಪ್ಪುಗಾಳಿಗೆ ಬಣ್ಣ ಮಾಸಿದ್ದವು, 1990ರ ದಶಕದಲ್ಲಿ ಪರಂಪರೆ ಉಳಿಸುವ ಸಂಸ್ಥೆ ಇಂಟ್ಯಾಕ್ ಅವುಗಳನ್ನು ಸರಿಪಡಿಸಿತು.

ಇಲ್ಲಿ ಎಡವಟ್ಟಾಗುವುದು ಮೂರು ಕಾರಣಕ್ಕೆ. ಒಳಗೆ ಫೋಟೋಗೆ ಬಿಡುವುದಿಲ್ಲ. ಮೊಬೈಲ್ ಎತ್ತಿದರೆ ಕಾವಲಿನವರು ಬಂದು ಹೇಳುತ್ತಾರೆ. ಪೂಜೆಯೋ ಮದುವೆಯೋ ಇದ್ದರೆ ಮುಗಿಯುವವರೆಗೆ ಕಾಯಬೇಕು; ಆಗ ಆವರಣದಲ್ಲೇ ಇರುವ ಅಲೋಶಿಯಂ ಮ್ಯೂಸಿಯಂ ಮೊದಲು ನೋಡಿಬಿಡಿ. ಮಂಗಳೂರಿನ ಮೊದಲ ಕಾರು ಎನ್ನಲಾಗುವ 1906ರ ಡಿ ಡಿಯಾನ್, ತಿಮಿಂಗಿಲದ ಅಸ್ಥಿಪಂಜರ ಮಕ್ಕಳಿಗೆ ಚಾಪೆಲ್ಲಿಗಿಂತ ಹೆಚ್ಚು ಹಿಡಿಸುತ್ತವೆ. ಮೂರನೆಯದು, ಇದು ನಡೆಯುತ್ತಿರುವ ಕಾಲೇಜು. ತರಗತಿಗಳ ಎದುರು ಗಲಾಟೆ ಬೇಡ.

11:15 – ಹಂಪನಕಟ್ಟೆ ಇಳಿದು ಬಂದರಿಗೆ

ಇಳಿಜಾರಿನಲ್ಲಿ ನಡೆದರೆ ಹಂಪನಕಟ್ಟೆ ಹತ್ತೇ ನಿಮಿಷ. ಮಿಲಾಗ್ರಿಸ್ ಇಗರ್ಜಿ ದಾರಿಯ ಪಕ್ಕದಲ್ಲೇ. 1680ರ ಮೂಲ, ಈಗಿನ ಕಟ್ಟಡ ಅಷ್ಟು ಹಳೆಯದಲ್ಲ. ಹತ್ತು ನಿಮಿಷ ಸಾಕು. ಅಲ್ಲಿಂದ ಬಂದರಿಗೆ ರಿಕ್ಷಾ.

ಬಂದರಿನಲ್ಲಿ ಗುರಿ ಜೀನತ್ ಬಕ್ಷ್ ಜುಮಾ ಮಸೀದಿ. 12:15ರ ಒಳಗೆ ಮುಗಿಸಿ, ಮಧ್ಯಾಹ್ನದ ಲುಹರ್ ನಮಾಜಿಗೆ ಜನ ಬರಲು ಶುರುಮಾಡುತ್ತಾರೆ. ಅರಬ್ ನಾಡಿನಿಂದ ಬಂದ ಧರ್ಮಪ್ರಚಾರಕ ಮಾಲಿಕ್ ದೀನಾರರ ಬಳಗ ಕ್ರಿ.ಶ. 644ರಲ್ಲಿ ಸ್ಥಾಪಿಸಿತು ಎಂಬುದು ಪರಂಪರೆಯ ನಂಬಿಕೆ. ಟಿಪ್ಪು ಜೀರ್ಣೋದ್ಧಾರ ಮಾಡಿಸಿ ಈ ಹೆಸರಿಟ್ಟ ಎನ್ನುತ್ತಾರೆ. ನೋಡಬೇಕಾದದ್ದು ಮರದ ಕೆಲಸ. ಒಳಗಿನ ಹಳೆಯ ಭಾಗದಲ್ಲಿ ಸಾಗುವಾನಿ ಕಂಬಗಳು, ಅವುಗಳ ಮೇಲೆ ಹೂ, ಎಲೆ, ಬಳ್ಳಿಗಳ ಸೂಕ್ಷ್ಮ ಕೆತ್ತನೆ. ಇಲ್ಲಿನ ಹಳೆ ದೇವಸ್ಥಾನ, ಬಸದಿ, ಗುತ್ತಿನ (ತುಳುನಾಡಿನ ದೊಡ್ಡ ಮನೆತನಗಳ) ಮನೆಗಳ ಕಂಬಗಳನ್ನು ಕಂಡವರಿಗೆ ಕೈ ಒಂದೇ ಅನ್ನಿಸದೆ ಇರದು. ಬಾಗಿಲಲ್ಲಿ ಇರುವವರನ್ನು ಕೇಳಿ ಒಳಗೆ ಹೋಗಿ. ಹೆಂಗಸರು ಎಲ್ಲಿವರೆಗೆ ಹೋಗಬಹುದು ಎಂದು ಮೊದಲೇ ವಿಚಾರಿಸಿದರೆ ಮುಜುಗರವಿಲ್ಲ. ಕಾಲು ತೊಳೆದು, ತಲೆ ಮುಚ್ಚಿ.

ಸುತ್ತಲಿನ ಗಲ್ಲಿಗಳಲ್ಲಿ ಕಾಲು ಗಂಟೆ ಸುಮ್ಮನೆ ನಡೆಯಿರಿ. ಒಣಮೀನು, ಮೆಣಸಿನಕಾಯಿ, ಅಡಿಕೆ, ಹಗ್ಗ, ಬಲೆ. ಕೈಗಾಡಿಗಳಿಗೆ ದಾರಿ ಬಿಡಿ. ಅವರು ನಿಲ್ಲಿಸಲಾರರು.

12:30 – ಊಟ

ಬಂದರಿನ ಮೀನೂಟದ ಹೋಟೆಲುಗಳಿಗೆ ಒಂದು ಗಂಟೆ ನಂತರ ಹೋದರೆ, ಉಣ್ಣುತ್ತಿರುವವರ ಕುರ್ಚಿಯ ಹಿಂದೆ ನಿಂತು ಕಾಯಬೇಕು. ಅರ್ಧ ಗಂಟೆ ಮೊದಲೇ ಕುಳಿತುಬಿಡಿ. ಊಟ ಅಂದರೆ ಕುಚ್ಚಲಕ್ಕಿ ಅನ್ನ, ಮೀನಿನ ಸಾರು, ಪಲ್ಯ. ಬೆಳ್ತಿಗೆ, ಅಂದರೆ ಬಿಳಿ ಅನ್ನ, ಬೇಕಿದ್ದರೆ ಮೊದಲೇ ಹೇಳಿ. ಕರಿದ ಮೀನು ಬೇರೆ. ತಟ್ಟೆಯಲ್ಲಿ ತಂದು ತೋರಿಸುತ್ತಾರೆ, ನೋಡಿ ಆರಿಸಬಹುದು. ಬಂಗುಡೆ ಅಗ್ಗ, ರುಚಿಗೂ ಮೋಸವಿಲ್ಲ. ಕಾಣೆ, ಅಂಜಲ್ ದುಬಾರಿ. ಅಂಜಲ್ ತುಂಡಿನ ದರ ಕೇಳದೆ ತೆಗೆದುಕೊಂಡು ಬಿಲ್ ನೋಡಿ ಬೆಚ್ಚಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆಗ ಸಿಗುವುದು ನಾಡದೋಣಿಯವರು ಹಿಡಿದದ್ದು ಅಥವಾ ಐಸಿನದು, ದರವೂ ಮೇಲೆ. ಆ ತಿಂಗಳಲ್ಲಿ ಕೋರಿರೊಟ್ಟಿ ತಿನ್ನಿ. ಒಣ ಅಕ್ಕಿರೊಟ್ಟಿಯನ್ನು ಮುರಿದು ಬಿಸಿ ಕೋಳಿ ಸಾರು ಹೊಯ್ದು ಒಂದು ನಿಮಿಷ ಬಿಡಬೇಕು: ಪೂರ್ತಿ ಮೆತ್ತಗಾಗಬಾರದು, ಗರಿಗರಿಯೂ ಉಳಿಯಬಾರದು.

ಮಧ್ಯಾಹ್ನದ ಸಂಕಟ: 1:30ರಿಂದ 3:30

ಈ ಎರಡು ಗಂಟೆಯನ್ನು ಹೇಗೆ ಕಳೆಯುತ್ತೀರಿ ಎನ್ನುವುದರ ಮೇಲೆ ಸಂಜೆ ನಿಂತಿದೆ. ದೇವಸ್ಥಾನಗಳು ಮುಚ್ಚಿವೆ, ಬಿಸಿಲು ನೆತ್ತಿಯ ಮೇಲೆ, ಹೊಟ್ಟೆಯಲ್ಲಿ ಕುಚ್ಚಲಕ್ಕಿ. ಮೊದಲು ರೊಸಾರಿಯೊ ಕೆಥೆಡ್ರಲ್‌ಗೆ ರಿಕ್ಷಾ ಹಿಡಿಯಿರಿ. ಪೋರ್ಚುಗೀಸರು 1568ರಲ್ಲಿ ಸ್ಥಾಪಿಸಿದ ಇಗರ್ಜಿ, 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಧ್ವಂಸವಾಗಿ ಆಮೇಲೆ ಮತ್ತೆ ಕಟ್ಟಲ್ಪಟ್ಟದ್ದು. ಎತ್ತರದ ಗುಮ್ಮಟದ ಕೆಳಗೆ ಕುಳಿತರೆ ಹೊರಗಿನ ಸೆಕೆಯ ಅರ್ಧವೂ ತಟ್ಟುವುದಿಲ್ಲ. ಆಮೇಲೆ ಲಾಡ್ಜ್ ಇದ್ದವರು ಒಂದು ಗಂಟೆ ಮಲಗಲಿ. ಇದು ಸೋಮಾರಿತನವಲ್ಲ, ಊರಿನವರು ಮಾಡುವುದೂ ಅದನ್ನೇ.

ಮಲಗಲು ಮನಸ್ಸಿಲ್ಲದವರಿಗೆ ಬಿಜೈಯ ಶ್ರೀಮಂತಿ ಬಾಯಿ ಸ್ಮಾರಕ ವಸ್ತುಸಂಗ್ರಹಾಲಯ. ಹಡಗಿನ ಆಕಾರದ ಮನೆ, ಒಳಗೆ ಶಾಸನ, ಶಿಲ್ಪ, ನಾಣ್ಯ. ಇತಿಹಾಸದ ಹುಚ್ಚಿದ್ದರೆ ಹೋಗಿ. ಇಲ್ಲದಿದ್ದರೆ ಅಷ್ಟು ದೂರ ಮತ್ತೆ ಮೇಲೆ ಹತ್ತಿ ಹೋಗಿ ಬರುವಷ್ಟು ಅಗತ್ಯ ಕಾಣದು.

3:30 – ರಥಬೀದಿ, ಕುದ್ರೋಳಿ

ರಥಬೀದಿಯಲ್ಲಿ ಖರೀದಿ. ವೆಂಕಟರಮಣ ದೇವಸ್ಥಾನದ ಆಸುಪಾಸಿನ ಅಂಗಡಿಗಳಲ್ಲಿ ಹಲಸಿನ ಹಪ್ಪಳ, ಪುನರ್ಪುಳಿ (ಕೋಕಂ) ಸಿಪ್ಪೆ, ಉಪ್ಪಿನಕಾಯಿ. ಪುನರ್ಪುಳಿ ಒಣಗಿ ಕಪ್ಪಗಾಗಿದ್ದರೂ ಹಿಡಿದರೆ ಬಾಗುವಂತಿರಬೇಕು, ಕಟ್ಟಿಗೆಯಾಗಿದ್ದರೆ ಹಳೆಯದು. ಕೋರಿರೊಟ್ಟಿ ಕೊಂಡರೆ ಬ್ಯಾಗಿಗೆ ತುರುಕಬೇಡಿ, ಊರು ತಲುಪುವಾಗ ಪುಡಿಯಾಗಿರುತ್ತದೆ, ಕೈಯಲ್ಲೇ ಹಿಡಿಯಬೇಕು.

4:30ಕ್ಕೆ ಕುದ್ರೋಳಿ ಗೋಕರ್ಣನಾಥ ಕ್ಷೇತ್ರ. ದೇವಸ್ಥಾನಗಳಿಗೆ ಪ್ರವೇಶವಿಲ್ಲದ ಬಿಲ್ಲವ ಸಮುದಾಯದ ಕೋರಿಕೆಯ ಮೇಲೆ ಬ್ರಹ್ಮಶ್ರೀ ನಾರಾಯಣ ಗುರುಗಳು 1912ರಲ್ಲಿ ಇಲ್ಲಿ ಶಿವಲಿಂಗ ಪ್ರತಿಷ್ಠಾಪಿಸಿದರು. ಈಗಿನ ದೊಡ್ಡ ಗೋಪುರ, ಬಣ್ಣದ ಶಿಲ್ಪಗಳು 1991ರ ಜೀರ್ಣೋದ್ಧಾರದ್ದು. 2013ರಲ್ಲಿ ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದ ದೇವಸ್ಥಾನ ಇದು. ಕಟ್ಟಡ ಹೊಸದು ಎಂದು ಬಿಟ್ಟುಬಿಡುವವರಿದ್ದಾರೆ, ಆದರೆ ಈ ಕರಾವಳಿಯ ನೂರು ವರ್ಷದ ಸಾಮಾಜಿಕ ಇತಿಹಾಸ ಅರ್ಥವಾಗಬೇಕಾದರೆ ಬೆಳಿಗ್ಗೆಯ ಕದ್ರಿಯಷ್ಟೇ ಇದೂ ಮುಖ್ಯ.

5:10 – ಸುಲ್ತಾನ್ ಬತ್ತೇರಿ, ದೋಣಿ

ಕುದ್ರೋಳಿಯಿಂದ ಬೋಳೂರಿನ ಸುಲ್ತಾನ್ ಬತ್ತೇರಿಗೆ ರಿಕ್ಷಾದಲ್ಲಿ ಹತ್ತು ನಿಮಿಷ. ಕೋಟೆ ಎಂದುಕೊಂಡು ಬಂದವರಿಗೆ ಇಷ್ಟೇಯಾ ಅನ್ನಿಸುತ್ತದೆ. ಇದು ಕೋಟೆಯಲ್ಲ, ಕಾವಲು ಬುರುಜು. 1784ರಲ್ಲಿ ಟಿಪ್ಪು ಕಟ್ಟಿಸಿದ. ಅದೇ ವರ್ಷದ ಮಾರ್ಚ್ 11ರಂದು ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಮಂಗಳೂರು ಒಪ್ಪಂದ ಆಗಿತ್ತು, ಆದರೂ ನದಿಗೆ ಯುದ್ಧನೌಕೆ ನುಗ್ಗಬಹುದೆಂಬ ಅನುಮಾನ ಹೋಗಿರಲಿಲ್ಲ. ಕಪ್ಪು ಕಲ್ಲಿನ ಗೋಡೆ, ಸುತ್ತಲೂ ತುಪಾಕಿ, ಫಿರಂಗಿ ಇಡಲು ಕಿಂಡಿ, ಕೆಳಗೆ ಮದ್ದುಗುಂಡು ಇಡುವ ಕೋಣೆ. ಮೇಲೆ ಹತ್ತಿ ಒಂದೊಂದೇ ಕಿಂಡಿಯಿಂದ ಇಣುಕಿ: ನದಿಯ ಎಷ್ಟು ಭಾಗ ಗುರಿಗೆ ಸಿಗುತ್ತಿತ್ತು ಎಂದು ಗೊತ್ತಾಗುತ್ತದೆ. ಇಪ್ಪತ್ತು ನಿಮಿಷ ಸಾಕು.

ಪಕ್ಕದಲ್ಲೇ ತಣ್ಣೀರುಬಾವಿಗೆ ದೋಣಿ. ಹತ್ತುವ ಮೊದಲು ದೋಣಿಯವರಲ್ಲಿ ಒಂದೇ ಪ್ರಶ್ನೆ ಕೇಳಿ: ‘ಕೊನೆಯ ದೋಣಿ ಎಷ್ಟು ಗಂಟೆಗೆ?’ ಇದನ್ನು ಕೇಳದೆ ಹೋದವರೇ ಕತ್ತಲಾದ ಮೇಲೆ ದಡದಲ್ಲಿ ಉಳಿಯುವುದು. ಎದುರಿಗೇ ಕಾಣುವ ಊರಿಗೆ ಆಗ ಪಣಂಬೂರು, ಕೂಳೂರು ಸೇತುವೆ ಸುತ್ತಿ ಹೆದ್ದಾರಿಯಲ್ಲಿ ಬರಬೇಕು, ರಿಕ್ಷಾ ಸಿಗುವುದೂ ಕಷ್ಟ. ಸೂರ್ಯಾಸ್ತ ನವೆಂಬರ್, ಡಿಸೆಂಬರಿನಲ್ಲಿ 6 ಗಂಟೆಯ ಆಸುಪಾಸು, ಮಾರ್ಚ್ ಕೊನೆಗೆ 6:40ರ ಹತ್ತಿರ. ಆ ಲೆಕ್ಕದಲ್ಲಿ ಅರ್ಧ ಗಂಟೆ ಮೊದಲು ಆಚೆ ದಡದಲ್ಲಿರಿ. ಇಳಿದು ಗಾಳಿಮರಗಳ ನಡುವೆ ನಡೆದರೆ ಕಡಲು.

ನೀರಿಗೆ ಮೊಣಕಾಲಿನವರೆಗೆ ಮಾತ್ರ. ದಡದಲ್ಲಿ ಅಲೆ ಮುರಿಯದೆ ಶಾಂತವಾಗಿ ಕಾಣುವ ಜಾಗವೇ ಅಪಾಯದ್ದು. ದಡಕ್ಕೆ ಬಂದ ನೀರು ಹಿಂದಕ್ಕೆ ಎಳೆದುಕೊಂಡು ಹೋಗುವುದು ಅಲ್ಲಿಂದಲೇ. ದಕ್ಷಿಣಕ್ಕೆ ಅಳಿವೆಯ ಕಡೆ ಹೋದಷ್ಟೂ ಸೆಳೆತ ಜಾಸ್ತಿ. ಹೊರಗಿನ ಊರಿನವರು ಮುಳುಗುವುದು ಈಜು ಬಾರದ್ದಕ್ಕಷ್ಟೇ ಅಲ್ಲ, ಕೆರೆಯಲ್ಲಿ ಈಜಿ ಕಲಿತ ಧೈರ್ಯಕ್ಕೂ.

ಈಚೆ ದಡಕ್ಕೆ ಬಂದ ಮೇಲೆ ಹಂಪನಕಟ್ಟೆಗೆ ಮರಳಿ ಗೋಳಿಬಜೆ, ಚಹಾ, ಆಮೇಲೆ ಐಸ್ ಕ್ರೀಮ್ ಪಾರ್ಲರಿನಲ್ಲಿ ಗಡ್‌ಬಡ್. ಎತ್ತರದ ಗ್ಲಾಸಿನಲ್ಲಿ ಐಸ್ ಕ್ರೀಮ್, ಹಣ್ಣು, ಜೆಲ್ಲಿ, ಗೋಡಂಬಿ. ಉದ್ದ ಚಮಚವನ್ನು ತಳದವರೆಗೆ ಇಳಿಸಿ ತಿನ್ನಿ, ಮೇಲಿನದನ್ನಷ್ಟೇ ಮೊದಲು ಮುಗಿಸಿದರೆ ಕೊನೆಗೆ ಬರೀ ಜೆಲ್ಲಿ ಉಳಿಯುತ್ತದೆ. ರಾತ್ರಿ ಬಸ್ಸಿಗೆ ಇನ್ನೂ ಹೊತ್ತಿದ್ದು, ತಿಂಗಳು ನವೆಂಬರ್–ಮೇ ನಡುವಿನದಾಗಿದ್ದರೆ ಹತ್ತಿರದಲ್ಲಿ ಯಕ್ಷಗಾನ ಬಯಲಾಟ ಎಲ್ಲಿದೆ ಎಂದು ಸ್ಥಳೀಯ ಪತ್ರಿಕೆಯಲ್ಲಿ ನೋಡಿ. ‘ಇಂದಿನ ಆಟ’ದ ಪಟ್ಟಿ ಇರುತ್ತದೆ, ನೋಡಲು ದುಡ್ಡು ಕೊಡಬೇಕಿಲ್ಲ.

ಮಳೆ ಬಂದರೆ, ಹೊತ್ತು ಸಾಲದಿದ್ದರೆ

ಮಳೆಗಾಲದಲ್ಲಿ ನದಿ ಉಕ್ಕಿದಾಗ ದೋಣಿ ನಿಲ್ಲಿಸುತ್ತಾರೆ, ಕಡಲತೀರಕ್ಕೂ ಬಿಡುವುದಿಲ್ಲ. ಆಗ ಸುಲ್ತಾನ್ ಬತ್ತೇರಿಯಿಂದ ನದಿ ನೋಡಿ ಸಾಕುಮಾಡಿ. ಉಳಿದ ಸಮಯವನ್ನು ಚಾಪೆಲ್ಲಿಗೂ ಮ್ಯೂಸಿಯಮ್ಮಿಗೂ ಕೊಡಿ. ಮೋಡ ಕವಿದ ದಿನ ಚಾಪೆಲ್ಲಿನೊಳಗೆ ಬೆಳಕು ಸಾಲದು, ಮಳೆ ಬಿಟ್ಟ ಗಳಿಗೆ ನೋಡಿ ಹೋಗಿ. ಹೋಟೆಲಿನಲ್ಲಿ ಕೆಸುವಿನೆಲೆಯ ಪತ್ರೊಡೆ ಸಿಗುವ ಕಾಲವೂ ಅದೇ.

ಹಿರಿಯರು ಜೊತೆಗಿದ್ದರೆ ಕದ್ರಿ ಗುಡ್ಡದ ಮೆಟ್ಟಿಲು, ಬಂದರಿನ ನಡಿಗೆ ಎರಡನ್ನೂ ಬಿಡಿ. ಬೆಳಿಗ್ಗೆ ತಡವಾಗಿ ಇಳಿದವರು, ಹತ್ತು ಗಂಟೆಗೆ ಶುರುಮಾಡುವವರು, ಬಲ್ಮಠ ಮತ್ತು ಮಿಲಾಗ್ರಿಸ್ ಬಿಟ್ಟು ನೇರ ಕದ್ರಿಗೆ, ಅಲ್ಲಿಂದ ಚಾಪೆಲ್ಲಿಗೆ ಹೋಗಲಿ. ಮಸೀದಿಯನ್ನು ಊಟದ ನಂತರ, ನಮಾಜು ಮುಗಿದು ಎರಡು ಗಂಟೆ ಹೊತ್ತಿಗೆ ಇಟ್ಟುಕೊಳ್ಳಿ. ಅರ್ಧ ದಿನ ಮಾತ್ರ ಇದ್ದು ಅದು ಮಧ್ಯಾಹ್ನದ ನಂತರದ್ದಾದರೆ: ಚಾಪೆಲ್, ಕುದ್ರೋಳಿ, ಬತ್ತೇರಿ, ದೋಣಿ, ಇಷ್ಟೇ. ಮಂಗಳಾದೇವಿ ದೇವಸ್ಥಾನ ಈ ದಾರಿಯಲ್ಲಿ ಬರುವುದಿಲ್ಲ. ಊರಿಗೆ ಹೆಸರು ಕೊಟ್ಟ ದೇವಿಯ ದರ್ಶನ ಮಾಡಲೇಬೇಕು ಎನ್ನುವವರು ಬೆಳಿಗ್ಗೆ ಆರಕ್ಕೇ ಬೋಳಾರಕ್ಕೆ ಹೋಗಿ, ಅಲ್ಲಿಂದ ಕದ್ರಿಗೆ ಬಂದರೆ ಉಳಿದ ಲೆಕ್ಕ ಕಾಲು ಗಂಟೆಯಷ್ಟೇ ಹಿಂದೆ ಬೀಳುತ್ತದೆ.